ಜೆರ್ಸಿ ಬೆನ್ನ ಮೇಲೆ ನಮ್ಮ ಹೆಸರು: ಸ್ಪಾನ್ಸರ್‌ಶಿಪ್ ಮಾಡಿದ ಮೂರು ಸೀಸನ್

ಸ್ಪೋರ್ಟ್ಸ್ ಸ್ಪಾನ್ಸರ್‌ಶಿಪ್ ಮಾಡಿದ್ರೆ ಬ್ರ್ಯಾಂಡ್ ಬೆಳೆಯುತ್ತಾ ಅಂತ ಯಾರಾದ್ರೂ ಕೇಳಿದ್ರೆ ನನಗೆ ಮೊದಲು ನೆನಪಾಗೋದು ಒಂದು ಸ್ಟಾಪ್‌ವಾಚ್. ನಾನಾಗ ಒಂದು ಪೇಂಟ್ ಕಂಪನೀಲಿ ಬ್ರ್ಯಾಂಡ್ ಮ್ಯಾನೇಜರ್. ನಮ್ಮ ಎಂಡಿ ಅವರಿಗೆ ಫುಟ್‌ಬಾಲ್ ಅಂದ್ರೆ ಪ್ರಾಣ, ಒಂದಿನ ಮ್ಯಾಚ್ ನೋಡ್ಕೊಂಡು ಬಂದೋರು ಮಾರನೇ ಬೆಳಗ್ಗೆ ಮೀಟಿಂಗಲ್ಲಿ ಕೂತು ಆ ತಂಡಕ್ಕೆ ನಾವು ಸ್ಪಾನ್ಸರ್ ಆಗೋಣ ಅಂದ್ರು, ಅಷ್ಟೇ, ಮುಗೀತು. ಎಷ್ಟೋ ಕಂಪನಿಗಳಲ್ಲಿ ಸ್ಪಾನ್ಸರ್‌ಶಿಪ್ ಹುಟ್ಟೋದೇ ಹೀಗೆ, ಆಮೇಲೆ ಅದಕ್ಕೆ ಸ್ಟ್ರ್ಯಾಟಜಿ ಅಂತ ಹೆಸರಿಟ್ಟು ಸ್ಲೈಡ್ ಮಾಡೋ ಕೆಲಸ ನಮ್ಮಂಥೋರದ್ದು. ಮೂರು ಸೀಸನ್ ಆ ಕೆಲಸ ನನ್ನ ತಲೆ ಮೇಲಿತ್ತು.

ಮೊದಲನೇ ಸೀಸನ್‌ನಲ್ಲಿ ಮಾಡಿದ ದೊಡ್ಡ ತಪ್ಪು ಅಂದ್ರೆ ಇದ್ದಬದ್ದ ಬಜೆಟ್ಟೆಲ್ಲ ಜೆರ್ಸಿ ಮೇಲೆ ಹೆಸರು ಹಾಕೋ ಹಕ್ಕು ತಗೊಳ್ಳೋದಕ್ಕೇ ಸುರಿದುಬಿಟ್ವಿ. ತಂಡದ ಕಮರ್ಷಿಯಲ್ ವಿಭಾಗದವರು ಬಂದು ಪ್ರೆಸೆಂಟೇಷನ್ ಕೊಟ್ರು, ಇಷ್ಟು ಜನ ಟಿವೀಲಿ ನೋಡ್ತಾರೆ, ಇಷ್ಟು ಜನ ಸ್ಟೇಡಿಯಂಗೆ ಬರ್ತಾರೆ, ಸೋಷಿಯಲ್ ಮೀಡಿಯಾದಲ್ಲಿ ಇಷ್ಟು ಫಾಲೋವರ್ಸ್ ಅಂತ, ನಾವೂ ತಲೆ ಆಡಿಸಿದ್ವಿ. ಅವರಲ್ಲಿ ಈ ವರ್ಷ ಮನೆಗೆ ಪೇಂಟ್ ಹೊಡಿಸೋರು ಎಷ್ಟು ಜನ ಅಂತ ಒಬ್ಬರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಪೇಂಟ್ ದಿನಾ ತಗೊಳ್ಳೋ ಸಾಮಾನಲ್ಲ, ಎಷ್ಟೋ ವರ್ಷಕ್ಕೊಮ್ಮೆ ಬರೋ ಖರ್ಚು, ಗೋಲ್ ಹೊಡೆದ ಖುಷೀಲಿ ಎದ್ದು ಹೋಗಿ ಒಂದು ಡಬ್ಬ ಡಿಸ್ಟೆಂಪರ್ ತಂದೋರನ್ನ ನಾನಂತೂ ನೋಡಿಲ್ಲ.

ನಮಗೆ ಸಿಕ್ಕಿದ್ದು ಜೆರ್ಸಿಯ ಬೆನ್ನು, ನಂಬರ್ ಕೆಳಗಿನ ಜಾಗ. ಎದೆ ಭಾಗಕ್ಕೆ ಅವರು ಕೇಳಿದ ದುಡ್ಡು ನಮ್ಮ ಕೈಗೆ ಎಟುಕೋದಲ್ಲ. ಸೀಸನ್ ಶುರುವಾಗಿ ನಾಲ್ಕನೇ ಮ್ಯಾಚಿನ ದಿನ ಕಾನ್ಫರೆನ್ಸ್ ರೂಮಲ್ಲಿ ರೆಕಾರ್ಡಿಂಗ್ ಹಾಕ್ಕೊಂಡು ನಾನೂ ನಮ್ಮ ಟ್ರೈನಿ ಹುಡುಗೀನೂ ಸ್ಟಾಪ್‌ವಾಚ್ ಹಿಡ್ಕೊಂಡು ಕೂತ್ವಿ, ನಮ್ಮ ಹೆಸರು ಓದೋಕೆ ಆಗೋ ಹಾಗೆ ಎಷ್ಟು ಹೊತ್ತು ಕಾಣುತ್ತೆ ಅಂತ. ಮುಖ್ಯ ಕ್ಯಾಮೆರಾ ದೂರದಿಂದ ಇಡೀ ಮೈದಾನ ತೋರಿಸ್ತಿರುತ್ತೆ, ಆಟಗಾರ ಅಂದ್ರೆ ಒಂದು ಹೆಬ್ಬೆರಳಷ್ಟು, ಬೆನ್ನ ಮೇಲಿನ ಅಕ್ಷರ ಕಾಣೋದಾದ್ರೂ ಎಲ್ಲಿಂದ. ಕ್ಲೋಸಪ್ ಬರೋದು ಫೌಲ್ ಆದಾಗ, ಗೋಲ್ ಆದಾಗ, ಗೋಲ್ ಬಿಟ್ಟಾಗ. ಹಾಗಾಗಿ ನಮ್ಮ ಹುಡುಗರು ಗೋಲ್ ಬಿಟ್ಕೊಟ್ಟು ತಲೆ ತಗ್ಗಿಸಿ ವಾಪಸ್ ನಡ್ಕೊಂಡು ಬರೋವಾಗ ಮಾತ್ರ ಕಂಪನಿ ಹೆಸರು ಬಹಳ ಚೆನ್ನಾಗಿ ಕಾಣ್ತಿತ್ತು. ಕೊನೇ ನಿಮಿಷದಲ್ಲಿ ನಮ್ಮ ಸ್ಟ್ರೈಕರ್ ಗೋಲ್ ಹೊಡೆದ, ಅಬ್ಬಾ ಅಂತ ನಾವಿಬ್ರೂ ಎದ್ದು ನಿಂತ್ವಿ, ಆ ಪುಣ್ಯಾತ್ಮ ಜೆರ್ಸಿ ಕಿತ್ತು ತಲೆ ಮೇಲೆ ಗಿರಗಿರ ತಿರುಗಿಸ್ಕೊಂಡು ಓಡಿದ. ರೆಫ್ರಿ ನಿಯಮದ ಪ್ರಕಾರ ಹಳದಿ ಕಾರ್ಡ್ ತೋರಿಸಿದ್ರು. ಮಾರನೇ ದಿನ ಪೇಪರ್‌ಗಳಲ್ಲಿ ಬಂದಿದ್ದೆಲ್ಲ ಅದೇ ಫೋಟೋ, ಬರೀ ಮೈ. ಟ್ರೈನಿ ಹುಡುಗಿ ಸ್ಟಾಪ್‌ವಾಚ್ ಮೇಜಿನ ಮೇಲಿಟ್ಟು "ಸರ್, ಇದನ್ನ ಎಷ್ಟು ಸೆಕೆಂಡ್ ಅಂತ ಬರ್ಕೊಳ್ಲಿ?" ಅಂದ್ಳು.

ಸೀಸನ್ ಮುಗಿದ ಮೇಲೆ ಏಜೆನ್ಸಿಯವರು ದಪ್ಪ ರಿಪೋರ್ಟ್ ತಂದುಕೊಟ್ರು, ಕೊಟ್ಟ ದುಡ್ಡಿಗೆ ಇಷ್ಟು ಪಟ್ಟು ಮೀಡಿಯಾ ವ್ಯಾಲ್ಯೂ ಬಂದಿದೆ ಅಂತ. ಆ ಲೆಕ್ಕ ಹೇಗೆ ಹಾಕ್ತಾರೆ ಅಂದ್ರೆ ಲೋಗೋ ತೆರೆ ಮೇಲಿದ್ದ ಅಷ್ಟೂ ಸೆಕೆಂಡ್ ಕೂಡಿಸಿ, ಅಷ್ಟೇ ಹೊತ್ತಿನ ಜಾಹೀರಾತು ಕೊಂಡಿದ್ರೆ ಎಷ್ಟಾಗ್ತಿತ್ತು ಅನ್ನೋ ರೇಟಿಂದ ಗುಣಿಸೋದು. ಆ ರೇಟ್ ಕಾರ್ಡ್ ಬೆಲೆ ಪೂರ್ತಿ ಕೊಡೋರು ಯಾರೂ ಇಲ್ಲ, ಎಲ್ಲರೂ ಚೌಕಾಸಿ ಮಾಡೇ ತಗೊಳ್ಳೋದು. ಅದೂ ಅಲ್ಲದೆ ಜಾಹೀರಾತು ಅಂದ್ರೆ ಅದರಲ್ಲಿ ಒಂದು ಮಾತಿರುತ್ತೆ, ಬೆವರಲ್ಲಿ ನೆನೆದು ಮುದುಡಿದ ಬಟ್ಟೆ ಮೇಲಿನ ಹೆಸರು ಏನು ಹೇಳುತ್ತೆ. ಅಂಥ ರಿಪೋರ್ಟಲ್ಲಿ ನಷ್ಟ ಅಂತ ಬಂದಿದ್ದನ್ನ ನಾನು ಇವತ್ತಿನವರೆಗೂ ನೋಡಿಲ್ಲ.

ನಾವೇ ಒಂದು ಸಣ್ಣ ಸರ್ವೇ ಮಾಡಿಸಿದ್ವಿ, ಅಭಿಮಾನಿಗಳಿಗೆ ಈ ತಂಡದ ಸ್ಪಾನ್ಸರ್ ಪೇಂಟ್ ಕಂಪನಿ ಯಾವುದು ಅಂತ ಕೇಳಿ. ಸುಮಾರು ಜನ ಹೇಳಿದ್ದು ಮಾರ್ಕೆಟ್‌ನಲ್ಲಿ ನಂಬರ್ ಒನ್ ಇರೋ ನಮ್ಮ ಎದುರಾಳಿ ಹೆಸರು! ಒಂದು ಪೈಸೆ ಖರ್ಚು ಮಾಡದೇ ಕ್ರೆಡಿಟ್ ಅವರಿಗೆ. ನೆನಪಿಲ್ಲದಾಗ ಜನ ಅಂದಾಜು ಹೊಡೀತಾರೆ, ಅಂದಾಜಿಗೆ ಬಾಯಿಗೆ ಬರೋದು ದೊಡ್ಡ ಹೆಸರೇ. ಸಣ್ಣ ಬ್ರ್ಯಾಂಡ್‌ಗಳು ಸ್ಪಾನ್ಸರ್‌ಶಿಪ್ ಮಾಡೋವಾಗ ಈ ಗಂಡಾಂತರ ಯಾರೂ ಹೇಳಲ್ಲ. ಇನ್ನೊಂದು ದಡ್ಡತನ, ಸೀಸನ್ ಶುರುವಾಗೋಕೆ ಮುಂಚೆ ಈ ಸರ್ವೇ ಮಾಡಿಸಿರಲೇ ಇಲ್ಲ, ಹಾಗಾಗಿ ಏರಿತಾ ಇಳಿಯಿತಾ ಅಂತ ಹೇಳೋಕೂ ಆಗಲಿಲ್ಲ.

ಎದುರಾಳಿ ಸ್ಪಾನ್ಸರ್ ದುಡ್ಡು ಕೊಡದೇ ಬೇಕು ಅಂತಲೇ ನುಗ್ಗಿದ್ರೆ ಇನ್ನೂ ಕಷ್ಟ, ಅದಕ್ಕೆ ಆಂಬುಷ್ ಮಾರ್ಕೆಟಿಂಗ್ ಅಂತಾರೆ. 1996ರ ಕ್ರಿಕೆಟ್ ವಿಶ್ವಕಪ್ ನೋಡಿದೋರಿಗೆ ನೆನಪಿರುತ್ತೆ, ದುಡ್ಡು ಕೊಟ್ಟು ಅಧಿಕೃತ ಪಾನೀಯ ಆಗಿದ್ದು ಕೋಕಾ-ಕೋಲಾ, ಆದ್ರೆ ಜನರ ಬಾಯಲ್ಲಿ ಉಳಿದಿದ್ದು ಪೆಪ್ಸಿ ಜಾಹೀರಾತಿನ 'ನಥಿಂಗ್ ಅಫಿಶಿಯಲ್ ಅಬೌಟ್ ಇಟ್'. 2010ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ನೆದರ್ಲೆಂಡ್ಸ್-ಡೆನ್ಮಾರ್ಕ್ ಮ್ಯಾಚಿಗೆ ಒಂದೇ ಥರ ಕಿತ್ತಳೆ ಬಣ್ಣದ ಡ್ರೆಸ್ ಹಾಕ್ಕೊಂಡು ಬಂದ 36 ಜನ ಹೆಣ್ಣುಮಕ್ಕಳನ್ನ ಸ್ಟೇಡಿಯಂನಿಂದ ಹೊರಗೆ ಕಳಿಸಿದ್ರು, ಅದು ಬವಾರಿಯಾ ಅನ್ನೋ ಡಚ್ ಬಿಯರ್ ಕಂಪನಿಯ ಡ್ರೆಸ್ ಅಂತ, ಅಧಿಕೃತ ಬಿಯರ್ ಬಡ್‌ವೈಸರ್ ಆಗಿತ್ತು. ಹೊರಗೆ ಹಾಕಿದ್ದೇ ಸುದ್ದಿಯಾಗಿ ಬವಾರಿಯಾ ಹೆಸರು ಲೋಕಕ್ಕೆಲ್ಲ ಗೊತ್ತಾಯ್ತು. ನಮ್ಮ ಲೆವೆಲ್ಲಿಗೆ ನಮ್ಮದು, ಎದುರಾಳಿ ಕಂಪನಿ ಹುಡುಗರು ಗೇಟಿನ ಆಚೆ ಪಾರ್ಕಿಂಗ್ ಹತ್ರ ತಂಡದ ಬಣ್ಣದ್ದೇ ಟೋಪಿ ಹಂಚಿದ್ರು, ಅರ್ಧ ಗ್ಯಾಲರಿ ಅವರ ಟೋಪಿ. ನಾನು ಒಪ್ಪಂದ ತೆಗೆದು ನೋಡಿದ್ರೆ ನಮ್ಮ ರಕ್ಷಣೆ ಎಲ್ಲಾ ಗೇಟಿನ ಒಳಗೆ ಮಾತ್ರ, ಆಚೆ ರಸ್ತೆ ನಮ್ಮಪ್ಪಂದಲ್ಲ.

ಎರಡನೇ ಸೀಸನ್ ಶುರುವಾಗೋ ಮುಂಚೆ ಫೈನಾನ್ಸ್‌ನವರು ಕರೆಸಿದ್ರು. ಬೈತಾರೆ ಅಂದ್ಕೊಂಡು ಹೋದ್ರೆ ಅವರು ಕೇಳಿದ್ದು ಒಂದೇ, "ಈ ದುಡ್ಡು ಕೊಡದೇ ಇದ್ದಿದ್ರೆ ಏನು ಕಳ್ಕೊತಿದ್ವಿ ಹೇಳಿ?" ನನ್ನ ಹತ್ರ ಉತ್ತರ ಇರಲಿಲ್ಲ. ಆ ರಾತ್ರಿ ಕೂತು ಮೊದಲಿಂದ ಯೋಚನೆ ಮಾಡ್ದೆ, ಪೇಂಟ್ ಯಾವುದು ಅಂತ ನಿಜವಾಗ್ಲೂ ತೀರ್ಮಾನ ಮಾಡೋರು ಯಾರು. ಮನೆಯೋರು ಬಣ್ಣ ಆರಿಸ್ತಾರೆ, ಕಂಪನಿ ಆರಿಸೋದು ಹೆಚ್ಚಿನ ಸಲ ಪೇಂಟರ್. 'ಇದು ಬೇಡ ಸಾರ್, ಎಳೆಯುತ್ತೆ, ಅದು ತನ್ನಿ' ಅಂದ್ರೆ ಮುಗೀತು. ನಾವು ಲಕ್ಷಾಂತರ ಜನಕ್ಕೆ ಬೆನ್ನು ತೋರಿಸ್ತಾ ಕೂತಿದ್ವಿ, ಬೇಕಾಗಿದ್ದೋರು ಒಂದೆರಡು ಸಾವಿರ ಪೇಂಟರ್‌ಗಳು.

ಹಕ್ಕು ಕೊಳ್ಳೋಕೆ ಒಂದು ರೂಪಾಯಿ ಕೊಟ್ರೆ ಅದನ್ನ ಉಪಯೋಗಿಸೋಕೆ ಇನ್ನೊಂದಾದ್ರೂ ಇಟ್ಕೊಳ್ಳಿ ಅನ್ನೋದು ಈ ಫೀಲ್ಡಲ್ಲಿ ಹಳೇ ಮಾತು, ಆಕ್ಟಿವೇಷನ್ ಅಂತಾರೆ. ನಾವು ಜೆರ್ಸಿ ಬೆನ್ನು ಬಿಟ್ಟು ತೋಳಿಗೆ ಇಳಿದ್ವಿ, ಉಳಿದ ದುಡ್ಡು ಆಕ್ಟಿವೇಷನ್‌ಗೆ ಹಾಕಿದ್ವಿ. ಸ್ಟೇಡಿಯಂನ ಒಂದು ಗ್ಯಾಲರಿ ಗೋಡೆ ಬಿಸಿಲಿಗೆ ಬಿಳಿಚಿ ಪುಡಿ ಉದುರ್ತಿತ್ತು. ಮೂರು ಶೇಡ್ ಕೊಟ್ಟು ಅಭಿಮಾನಿಗಳಿಗೆ ವೋಟ್ ಹಾಕಿ ಅಂದ್ವಿ, ಗೆದ್ದ ಶೇಡನ್ನ ನಮ್ಮ ಪೇಂಟರ್‌ಗಳೇ ತಂಡದ ಪ್ರಾಕ್ಟೀಸ್ ದಿನ ಬಂದು ಹೊಡೀಬೇಕು, ಆಟಗಾರರೂ ಜೊತೆಗಿರ್ತಾರೆ. ಕ್ಯಾಪ್ಟನ್ ರೋಲರ್ ತಗೊಂಡು ಫೋಟೋಗೆ ಅಂತ ಜೋರಾಗಿ ಒತ್ತಿದ್ರು, ಪೇಂಟ್ ಮೊಣಕೈವರೆಗೂ ಇಳೀತು. ಪಕ್ಕದಲ್ಲಿದ್ದ ಹಿರಿಯ ಪೇಂಟರ್ ಒಬ್ಬರು ಅವರ ಮಣಿಕಟ್ಟು ಹಿಡ್ಕೊಂಡು "ಒತ್ಬೇಡಿ ಸಾರ್, ಅದರ ಪಾಡಿಗೆ ಓಡೋಕೆ ಬಿಡಿ, ಹಿಂಗೆ, ಡಬ್ಲ್ಯೂ ಅಕ್ಷರ ಬರೆದಂಗೆ" ಅಂತ ಕೈ ಹಿಡಿದು ಕಲಿಸಿದ್ರು, ಕ್ಯಾಪ್ಟನ್ನು ಶಾಲೆ ಹುಡುಗನ ಥರ ಹ್ಞೂಂ ಹ್ಞೂಂ ಅಂತಿದ್ರು. ಯಾರೋ ಮೊಬೈಲಲ್ಲಿ ತೆಗೆದ ಆ ವಿಡಿಯೋ ಪೇಂಟರ್‌ಗಳ ವಾಟ್ಸಾಪ್ ಗ್ರೂಪಲ್ಲಿ ಹೋದಷ್ಟು ನಾವು ದುಡ್ಡು ಕೊಟ್ಟು ಮಾಡಿಸಿದ ಯಾವ ಫಿಲ್ಮೂ ಹೋಗಲಿಲ್ಲ.

ಈ ಸಲ ಲೆಕ್ಕಕ್ಕೂ ಸರಿಯಾಗಿ ಕೂತ್ವಿ. ಸೇಲ್ಸ್ ಏರಿಯಾಗಳನ್ನ ಎರಡು ಭಾಗ ಮಾಡಿ ಒಂದರಲ್ಲಿ ಈ ಪೇಂಟರ್ ಕಾರ್ಯಕ್ರಮ, ಇನ್ನೊಂದರಲ್ಲಿ ಏನೂ ಇಲ್ಲ. ಇದು ಬಹಳ ಮುಖ್ಯ, ಯಾಕಂದ್ರೆ ಕೆಲವು ತಿಂಗಳಲ್ಲಿ ಪೇಂಟ್ ವ್ಯಾಪಾರ ತಾನಾಗೇ ಏರುತ್ತೆ, ಆ ಏರಿಕೆನ ಸ್ಪಾನ್ಸರ್‌ಶಿಪ್ ಲೆಕ್ಕಕ್ಕೆ ಬರ್ಕೊಂಡು ಬೆನ್ನು ತಟ್ಕೊಳ್ಳೋದು ಸುಲಭ. ಪೇಂಟರ್‌ಗಳಿಗೆ ಅಂತ ಡಬ್ಬದೊಳಗೆ ಇಡೋ ಟೋಕನ್‌ಗಳನ್ನ ಅವರು ಎಷ್ಟು ರಿಡೀಮ್ ಮಾಡ್ತಿದ್ದಾರೆ, ಅಂದ್ರೆ ವಾಪಸ್ ಕೊಟ್ಟು ಲಾಭ ತಗೊಳ್ತಿದ್ದಾರೆ ಅಂತ ಎರಡೂ ಕಡೆ ನೋಡಿದ್ವಿ, ಕಾರ್ಯಕ್ರಮ ಇದ್ದ ಕಡೆ ಕಣ್ಣಿಗೆ ಕಾಣೋ ಹಾಗೆ ಜಾಸ್ತಿ ಇತ್ತು, ಸೀಸನ್ ಮುಗಿದ್ಮೇಲೆ ಸ್ವಲ್ಪ ಇಳೀತು, ಪೂರ್ತಿ ಇಳೀಲಿಲ್ಲ. ಬ್ರ್ಯಾಂಡ್ ಹೆಸರು ಗೊತ್ತಿರೋರ ಸಂಖ್ಯೆ ಮಾತ್ರ ಹೇಳ್ಕೊಳ್ಳೋ ಅಷ್ಟು ಬದಲಾಗಲಿಲ್ಲ. ಎದುರಾಳಿ ತಂಡದ ಅಭಿಮಾನಿಗಳು ಜಾಸ್ತಿ ಇರೋ ಏರಿಯಾದಲ್ಲಿ ಡೀಲರ್‌ಗಳು ಫೋನ್ ಮಾಡಿ ಗೊಣಗಿದ್ದೂ ಉಂಟು, 'ಆ ತಂಡದ ಪೇಂಟಾ, ಬೇಡ ಬಿಡಿ' ಅಂತಾರೆ ಅಂತ. ತಮಾಷೆಗೆ ಅಂದಿದ್ದೋ ನಿಜವೋ, ಅಂತೂ ಒಂದು ತಂಡದ ಪ್ರೀತಿ ಕೊಂಡ್ರೆ ಇನ್ನೊಂದು ತಂಡದವರ ಮುನಿಸು ಫ್ರೀ.

ಮೂರನೇ ಸೀಸನ್‌ನಲ್ಲಿ ಒಬ್ಬ ಆಟಗಾರನ ಮುಖ ನಮ್ಮ ಹೊಸ ಶೇಡ್ ಕಾರ್ಡ್ ಮೇಲೆ ಹಾಕಿದ್ವಿ, ಪ್ರಿಂಟ್ ಆಗಿ ಅಂಗಡಿಗಳಿಗೂ ಹೋಗಿತ್ತು. ಒಂದಿನ ರಾತ್ರಿ ಹನ್ನೊಂದಕ್ಕೆ ಫೋನು, ಅವನು ಎಲ್ಲೋ ಹೊಡೆದಾಟ ಮಾಡ್ಕೊಂಡು ಟಿವೀಲಿ ಬರ್ತಿದ್ದಾನೆ ಅಂತ. 2009ರಲ್ಲಿ ಗಾಲ್ಫ್ ಆಟಗಾರ ಟೈಗರ್ ವುಡ್ಸ್ ಅವರ ಅಕ್ರಮ ಸಂಬಂಧಗಳ ವಿಷಯ ಹೊರಗೆ ಬಂದಾಗ ಆಕ್ಸೆಂಚರ್ ಅನ್ನೋ ಕನ್ಸಲ್ಟಿಂಗ್ ಕಂಪನಿ ಕೆಲವೇ ವಾರದಲ್ಲಿ ಅವರನ್ನ ಕೈಬಿಡ್ತು, ಅಷ್ಟು ವರ್ಷ ಆ ಕಂಪನಿ ಜಾಹೀರಾತಿನ ಮುಖವೇ ವುಡ್ಸ್ ಆಗಿದ್ರು. ಅದೆಲ್ಲ ಓದಿದ್ದೆ, ಆದ್ರೂ ನಮ್ಮ ಒಪ್ಪಂದದಲ್ಲಿ ಮರ್ಯಾದೆಗೆ ಧಕ್ಕೆ ಬಂದ್ರೆ ಬಿಡಬಹುದು ಅನ್ನೋ ಷರತ್ತು ತಂಡದ ಮೇಲಿತ್ತು, ಒಬ್ಬೊಬ್ಬ ಆಟಗಾರನ ಮೇಲೆ ಇರಲಿಲ್ಲ. ಎರಡು ದಿನ ಸೇಲ್ಸ್ ಹುಡುಗರು ಅಂಗಡಿ ಅಂಗಡಿ ತಿರುಗಿ ಆ ಮುಖದ ಮೇಲೆ ರೋಲರ್ ಚಿತ್ರದ ಸ್ಟಿಕ್ಕರ್ ಅಂಟಿಸಿದ್ರು. ಬೈಗುಳ ತಿಂದೋರೂ ಅವರೇ, ಷರತ್ತು ಬಿಟ್ಟೋನು ನಾನು.

ಅಪಾಯ ಆಟಗಾರರ ಕಡೆಯಿಂದ ಮಾತ್ರ ಬರುತ್ತೆ ಅಂತಲೂ ಇಲ್ಲ, ಸ್ಪಾನ್ಸರ್ ಕಡೆಯಿಂದಲೂ ಬರುತ್ತೆ. 1999ರಲ್ಲಿ ಹ್ಯೂಸ್ಟನ್ ಬೇಸ್‌ಬಾಲ್ ಸ್ಟೇಡಿಯಂಗೆ ತನ್ನ ಹೆಸರಿಡೋಕೆ ಎನ್ರಾನ್ ಅನ್ನೋ ಅಮೆರಿಕದ ಇಂಧನ ಕಂಪನಿ 30 ವರ್ಷಕ್ಕೆ ಸುಮಾರು 10 ಕೋಟಿ ಡಾಲರ್ ಒಪ್ಪಂದ ಮಾಡ್ಕೊಂಡಿತ್ತು, 2001ರಲ್ಲಿ ಕಂಪನಿನೇ ದಿವಾಳಿ, ಆ ಹೆಸರು ಕಿತ್ತುಹಾಕೋಕೆ ತಂಡದವರೇ ಮತ್ತೆ 20 ಲಕ್ಷ ಡಾಲರ್ ಮೇಲೆ ಕೊಟ್ಟು ಹಕ್ಕು ವಾಪಸ್ ಕೊಂಡ್ರು. ಕೊಟ್ಟ ಹಕ್ಕನ್ನೇ ಕೊನೇ ಗಳಿಗೇಲಿ ಕಿತ್ಕೊಂಡಿದ್ದೂ ಇದೆ, 2022ರಲ್ಲಿ ಕತಾರ್ ವಿಶ್ವಕಪ್ ಶುರುವಾಗೋಕೆ ಎರಡು ದಿನ ಇದ್ದಾಗ ಸ್ಟೇಡಿಯಂ ಸುತ್ತ ಬಿಯರ್ ಮಾರೋ ಹಾಗಿಲ್ಲ ಅಂದ್ರು, ಬಡ್‌ವೈಸರ್‌ನವರು ಏನು ಮಾಡ್ಬೇಕು ಪಾಪ.

ರಿನ್ಯೂವಲ್ ಟೈಮಲ್ಲಿ ಹಾಗಾಗಿ ಜೆರ್ಸಿ ಪೂರ್ತಿ ಬಿಟ್ವಿ. ಗ್ಯಾಲರಿ ಗೋಡೆ, ವರ್ಷಕ್ಕೊಂದು ಪೇಂಟರ್ ದಿನ, ಗೇಟಿನ ಹೊರಗೆ ಪಾರ್ಕಿಂಗ್ ಜಾಗಕ್ಕೂ ನಮ್ಮನ್ನ ಬಿಟ್ಟು ಬೇರೆ ಪೇಂಟ್ ಕಂಪನಿ ಬರಬಾರದು, ಒಬ್ಬೊಬ್ಬ ಆಟಗಾರನಿಗೂ ನಡತೆ ಷರತ್ತು, ಮ್ಯಾಚ್ ರದ್ದಾದ್ರೆ ಅಷ್ಟು ದುಡ್ಡು ಅಥವಾ ಅಷ್ಟು ಬೆಲೆಯ ಬೇರೆ ಹಕ್ಕು ವಾಪಸ್, ಇಷ್ಟು ಬರೆಸ್ಕೊಂಡ್ವಿ. ತಂಡದ ಕಮರ್ಷಿಯಲ್ ಮ್ಯಾನೇಜರ್‌ಗೆ ಬೇಜಾರು, ಇಷ್ಟು ಸಣ್ಣ ಡೀಲ್ ಹೊರಗೆ ಹೇಳ್ಕೊಳ್ಳೋಕೂ ಆಗಲ್ಲ ಅಂದ್ರು. ಫೈನಾನ್ಸ್‌ನವರು ಮಾತಾಡದೆ ಸೈನ್ ಹಾಕಿದ್ರು. ಬಾಕ್ಸ್ ಸೀಟ್ ಈ ಡೀಲಲ್ಲಿ ಬರಲ್ಲ ಅಂತ ಎಂಡಿ ಅವರಿಗೆ ಹೇಳೋಕೆ ನನಗೇ ಸ್ವಲ್ಪ ಭಯ ಇತ್ತು. ಈಗ್ಲೂ ಒಂದು ಮ್ಯಾಚ್ ಬಿಡಲ್ಲ ಅವರು, ಟಿಕೆಟ್ ತಗೊಂಡೇ ಹೋಗ್ತಾರೆ.