ರಜೆಯ ಸುದ್ದಿ ಮತ್ತು ಜಾಲತಾಣದ ಶಿಸ್ತು

ಮುಂಗಾರು ಬಿರುಸಾದ ಸಂಜೆಗಳಲ್ಲಿ ಮಂಗಳೂರು, ಉಡುಪಿಯ ಓದುಗರು ಪತ್ರಿಕೆಗಳ ಜಾಲತಾಣದಲ್ಲಿ ಮೊದಲು ಹುಡುಕುವುದು ಮರುದಿನ ಶಾಲೆಗೆ ರಜೆ ಇದೆಯೇ ಎಂಬುದನ್ನು. ಜಾಲತಾಣವನ್ನು ನೋಡಿಕೊಳ್ಳುವ ವೆಬ್ ಡೆಸ್ಕ್‌ಗೆ ಹೊಸದಾಗಿ ಸೇರಿದವರು ಈ ಪುಟ್ಟ ಸುದ್ದಿಯನ್ನು ಸರಿಯಾಗಿ ನಿಭಾಯಿಸಲು ಕಲಿತರೆ ಉಳಿದ ಕೆಲಸದ ಬಹುಪಾಲು ಕಲಿತಂತೆಯೇ.

ಜಿಲ್ಲಾಧಿಕಾರಿಯವರ ಆದೇಶದ ಪ್ರತಿ ವಾಟ್ಸ್‌ಆ್ಯಪ್‌ನಲ್ಲಿ ಬಂದ ಮಾತ್ರಕ್ಕೆ ಪ್ರಕಟಿಸಬಾರದು. ಹಳೆಯ ಆದೇಶದ ದಿನಾಂಕ ತಿದ್ದಿ ಹರಿಬಿಡುವವರೂ ಇದ್ದಾರೆ. ವರದಿಗಾರರು ಜಿಲ್ಲಾಧಿಕಾರಿ ಕಚೇರಿಯಿಂದಾಗಲಿ ವಾರ್ತಾ ಇಲಾಖೆಯಿಂದಾಗಲಿ ಖಚಿತಪಡಿಸಿಕೊಂಡ ಬಳಿಕ, ರಜೆ ಇಡೀ ಜಿಲ್ಲೆಗೋ ಕೆಲವೇ ತಾಲೂಕುಗಳಿಗೋ, ಪದವಿಪೂರ್ವ ಕಾಲೇಜುಗಳಿಗೂ ಅನ್ವಯಿಸುತ್ತದೆಯೋ ಎಂಬುದನ್ನು ಮೊದಲ ವಾಕ್ಯದಲ್ಲೇ ತಿಳಿಸಬೇಕು. ಶೀರ್ಷಿಕೆಯಲ್ಲಿ ಬರಿದೇ ‘ನಾಳೆ ರಜೆ’ ಎಂದು ಬರೆಯುವಂತಿಲ್ಲ. ಮುದ್ರಿತ ಪತ್ರಿಕೆ ಮರುದಿನ ರದ್ದಿಗೆ ಸೇರುತ್ತದೆ, ಆದರೆ ಜಾಲತಾಣದ ಲಿಂಕ್ ಮುಂದಿನ ವರ್ಷದ ಮಳೆಗಾಲದಲ್ಲೂ ಯಾವುದೋ ಗ್ರೂಪಿನಲ್ಲಿ ಹರಿದಾಡಿ ಹೆತ್ತವರನ್ನು ದಾರಿ ತಪ್ಪಿಸುತ್ತದೆ. ಆದ್ದರಿಂದ ದಿನಾಂಕವು ವರ್ಷದ ಸಮೇತ ಶೀರ್ಷಿಕೆಯಲ್ಲೇ ಇರಲಿ.

ರಾತ್ರಿ ಇನ್ನೊಂದು ತಾಲೂಕು ಸೇರ್ಪಡೆಯಾದರೆ ಹೊಸ ಸುದ್ದಿ ಬರೆಯದೆ ಅದೇ ಲಿಂಕಿನಲ್ಲಿ ಪರಿಷ್ಕರಿಸಿ, ಪರಿಷ್ಕರಿಸಿದ ಸಮಯವನ್ನು ನಮೂದಿಸಬೇಕು. ತಪ್ಪಾಗಿದ್ದರೆ ಸದ್ದಿಲ್ಲದೆ ಅಳಿಸುವುದಕ್ಕಿಂತ ಏನನ್ನು ತಿದ್ದಲಾಗಿದೆ ಎಂದು ಕೆಳಗೆ ಒಂದು ಸಾಲು ಬರೆಯುವುದೇ ಮರ್ಯಾದೆ.

ಕನ್ನಡ ಡೆಸ್ಕ್‌ಗಳಿಗೆ ಅಕ್ಷರದ್ದೂ ಒಂದು ತಲೆನೋವು. ಪುಟವಿನ್ಯಾಸಕ್ಕೆಂದು ಹಳೆಯ ಫಾಂಟ್‌ನಲ್ಲಿ ಟೈಪಿಸಿದ ಸುದ್ದಿಯನ್ನು ಯೂನಿಕೋಡ್‌ಗೆ (ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ವ್ಯವಸ್ಥೆಗೆ) ಪರಿವರ್ತಿಸದೆ ಜಾಲತಾಣಕ್ಕೆ ಹಾಕಿದರೆ ಅದು ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ, ಹುಡುಕಿದವರಿಗೂ ಸಿಗುವುದಿಲ್ಲ. ಪರಿವರ್ತಿಸಿದ ಮೇಲೂ ಕಾರ್ಕಳ, ಧರ್ಮಸ್ಥಳದಂತಹ ಹೆಸರುಗಳ ಅರ್ಕಾವೊತ್ತನ್ನು ಹಾಗೂ ನಡುವೆ ಬರುವ ಇಂಗ್ಲಿಷ್ ಪದಗಳನ್ನು ಕಣ್ಣಿಟ್ಟು ನೋಡಬೇಕು. ಸಾಧ್ಯವಿದ್ದಲ್ಲಿ ಮೊದಲೇ ಯೂನಿಕೋಡ್‌ನಲ್ಲಿ ಬರೆದು, ಮುದ್ರಣಕ್ಕೆ ಬೇಕಾದಾಗ ಪರಿವರ್ತಿಸುವುದು ಉತ್ತಮ.

ಸುದ್ದಿಯನ್ನು ಹುಡುಕಲು ನೆರವಾಗುವ ಗುರುತು ಪದಗಳಾದ ಟ್ಯಾಗ್‌ಗಳಲ್ಲಿ ಊರಿನ ಜತೆ ಜಿಲ್ಲೆಯನ್ನೂ ಸೇರಿಸಬೇಕು, ಏಕೆಂದರೆ ಪುತ್ತೂರು ದಕ್ಷಿಣ ಕನ್ನಡದಲ್ಲೂ ಇದೆ, ಉಡುಪಿಯಲ್ಲೂ ಇದೆ. ಹಳೆಯ ಪ್ರವಾಹದ ಫೋಟೊ ಬಳಸಿದರೆ ‘ಸಂಗ್ರಹ ಚಿತ್ರ’ ಎಂಬ ಅಡಿಬರಹ ಕಡ್ಡಾಯ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವರದಿಗಳಲ್ಲಿ, 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಮಗುವಿನ ಹೆಸರಿನ ಜತೆಗೆ ವಿಳಾಸ, ಶಾಲೆ, ಕುಟುಂಬದ ವಿವರಗಳ ಪ್ರಕಟಣೆಯನ್ನೂ ನಿಷೇಧಿಸುತ್ತದೆ; ಹೀಗಾಗಿ ಪಠ್ಯದಲ್ಲಿ ಕೈಬಿಟ್ಟದ್ದು ಟ್ಯಾಗ್‌ನಲ್ಲೋ ಫೋಟೊದ ಫೈಲ್ ಹೆಸರಿನಲ್ಲೋ ಉಳಿದಿಲ್ಲವೆಂದು ಪ್ರಕಟಿಸುವ ಮುನ್ನ ನೋಡಿಕೊಳ್ಳಬೇಕು.