ಮೂಲನಿವಾಸಿಗಳ ಡ್ಯಾನ್ಸ್ ಥಿಯೇಟರ್ ನೋಡೋದು ಹೇಗೆ? 'ಕಟ್ ದ ಸ್ಕೈ' ಇಟ್ಕೊಂಡು ಒಂದು ಗೈಡ್

ಪರ್ತ್, ಸಿಡ್ನಿ, ಮೆಲ್ಬರ್ನ್ ಕಡೆ ಇರೋ ನಮ್ಮ ಕನ್ನಡದೋರಲ್ಲಿ ಎಷ್ಟೋ ಜನಕ್ಕೆ ಆಸ್ಟ್ರೇಲಿಯಾದ ಮೂಲನಿವಾಸಿಗಳ ಡ್ಯಾನ್ಸ್ ಅಂದ್ರೆ ಮೈಗೆ ಬಿಳಿ ಬಣ್ಣ ಬಳ್ಕೊಂಡು ಡಿಜೆರಿಡೂ ಅನ್ನೋ ಉದ್ದನೆ ಕೊಳವೆ ವಾದ್ಯ ಊದೋದು ಅಷ್ಟೇ ಗೊತ್ತು. ಅದಕ್ಕೂ ಅದರದೇ ಬೆಲೆ ಇದೆ. ಆದ್ರೆ ಬ್ರೂಮ್ ಊರಿನ ಮರ್ರುಗೆಕು ಡ್ಯಾನ್ಸ್ ಕಂಪನಿ ಥರದವರು ಮಾಡೋದು ಬೇರೇನೇ. ಅವರ 'ಕಟ್ ದ ಸ್ಕೈ' 2015ರಲ್ಲಿ ಸ್ಟೇಜಿಗೆ ಬಂತು, ವಿಷಯ ಹವಾಮಾನ ಬದಲಾವಣೆ, ಗ್ಯಾಸ್, ನೆಲ, ಇದರ ನಡುವೆ ಬದುಕಿ ಉಳಿಯೋದು. ಇಂಥ ಶೋಗೆ ಏನೂ ತಯಾರಿ ಇಲ್ದೆ ಹೋಗಿ ಕೂತ್ರೆ ಅರ್ಧ ಕೈಬಿಟ್ಟು ಹೋಗುತ್ತೆ, ಅದಕ್ಕೇ ಇಷ್ಟು ಬರೀತಿದೀನಿ.

ಮೊದಲ್ನೇ ಕೆಲಸ, ಟಿಕೆಟ್ ಬುಕ್ ಮಾಡೋಕೂ ಮುಂಚೆ ಮ್ಯಾಪ್ ತೆಗೀರಿ. ಪರ್ತ್‌ನಿಂದ ಉತ್ತರಕ್ಕೆ ರಸ್ತೇಲಿ 2,000 ಕಿ.ಮೀ.ಗಿಂತ ಜಾಸ್ತಿ ಹೋದ್ರೆ ಬ್ರೂಮ್ ಸಿಗುತ್ತೆ, ಅದು 'ಯಾವುರು' ಅನ್ನೋ ಮೂಲನಿವಾಸಿ ಜನರ ನೆಲ, ಸುತ್ತಲಿನದು ಕಿಂಬರ್ಲಿ ಪ್ರದೇಶ. ಮುತ್ತಿನ ಚಿಪ್ಪಿನ ವ್ಯಾಪಾರಕ್ಕೆ ಅಂತ ಜಪಾನ್, ಮಲಯ, ಫಿಲಿಪೀನ್ಸ್, ಚೀನಾದಿಂದೆಲ್ಲ ಜನ ಬಂದು ಸೇರ್ಕೊಂಡ ಊರು ಅದು, ಅದೇ ವ್ಯಾಪಾರಕ್ಕೆ ಅಲ್ಲಿನ ಮೂಲನಿವಾಸಿಗಳನ್ನ ಬಲವಂತವಾಗಿ ಸಮುದ್ರಕ್ಕೆ ಇಳಿಸಿ ದುಡಿಸ್ಕೊಂಡಿದ್ದೂ ಇದೆ. ಇದು ತಿಳಿದಿದ್ರೆ ಸ್ಟೇಜ್ ಮೇಲೆ ಒಂದೇ ದೇಹದಲ್ಲಿ ನಾಲ್ಕು ಥರದ ಚಲನೆ ಕಂಡಾಗ ಅದು ಫ್ಯಾಷನ್‌ಗೆ ಮಾಡಿದ ಮಿಕ್ಸ್ ಅನ್ಸಲ್ಲ. ಕಂಪನಿ ನಡೆಸೋ ಇಬ್ಬರಲ್ಲಿ ಒಬ್ಬರಾದ ಡಲಿಸಾ ಪಿಗ್ರಮ್ ಯಾವುರು ಮತ್ತು ಬಾರ್ದಿ ಮೂಲದವರು, ಅವರ ಕುಣಿತದಲ್ಲಿ ಮಲಯದ ಸಿಲಾಟ್ ಅನ್ನೋ ಕಾಳಗದ ವಿದ್ಯೆಯ ಪಟ್ಟುಗಳೂ ಬರುತ್ವೆ, ಯಾಕಂದ್ರೆ ಅವರ ಊರೇ ಹಾಗಿದೆ.

ಎರಡನೇದು, ಈ ಎರಡು ಹೆಸರು ಓದ್ಕೊಂಡು ಹೋಗಿ: ನೂನ್‌ಕನ್‌ಬಾ, ಜೇಮ್ಸ್ ಪ್ರೈಸ್ ಪಾಯಿಂಟ್. 1980ರಲ್ಲಿ ಕಿಂಬರ್ಲಿಯ ನೂನ್‌ಕನ್‌ಬಾದಲ್ಲಿ ಅಮೆರಿಕದ ಒಂದು ಕಂಪನಿ ಎಣ್ಣೆಗೆ ಬಾವಿ ಕೊರೀಬೇಕು ಅಂತ ಬಂತು, ಅಲ್ಲಿನ ಜನ ಅದು ನಮ್ಮ ಪವಿತ್ರ ಜಾಗ ಬೇಡ ಅಂತ ಕೇಳ್ಕೊಂಡ್ರು, ರಸ್ತೆಗೆ ಅಡ್ಡ ನಿಂತ್ರು, ಯೂನಿಯನ್‌ನವರೂ ಜೊತೆ ನಿಂತ್ರು, ರಾಜ್ಯ ಸರ್ಕಾರ ಮಾತ್ರ ಪೊಲೀಸ್ ಕಾವಲು ಹಾಕಿ ಟ್ರಕ್ಕುಗಳ ಸಾಲನ್ನೇ ಒಳಗೆ ನುಗ್ಗಿಸ್ತು. ಕೊರೆದ್ರು. ಮಾರೋ ಅಷ್ಟು ಎಣ್ಣೆ ಸಿಗಲಿಲ್ಲ. ಅಷ್ಟಕ್ಕೆ ಆ ಜಾಗ ಹಾಳಾಯ್ತಲ್ಲ ಅಂತ ಈಗ್ಲೂ ನಂಗೆ ಹೊಟ್ಟೆ ಉರಿಯುತ್ತೆ. ಜೇಮ್ಸ್ ಪ್ರೈಸ್ ಪಾಯಿಂಟ್ ಬ್ರೂಮ್‌ನ ಉತ್ತರಕ್ಕಿರೋ ಕಡಲ ತೀರ, ಅಲ್ಲಿನವರು ವಲ್ಮಡನಿ ಅಂತಾರೆ, ಆ ಕರಾವಳಿಯ ಬಂಡೆಗಳ ಮೇಲೆ ಡೈನೋಸಾರ್ ಹೆಜ್ಜೆ ಗುರುತುಗಳಿವೆ. ಅಲ್ಲಿ ದೊಡ್ಡ ಗ್ಯಾಸ್ ಪ್ಲಾಂಟ್ ಕಟ್ಟೋ ಪ್ಲ್ಯಾನ್ ವರ್ಷಗಟ್ಟಲೆ ಹೋರಾಟ ಆದ್ಮೇಲೆ 2013ರಲ್ಲಿ ಬಿದ್ದುಹೋಯ್ತು. ಆದ್ರೆ ಆ ಹೋರಾಟ ಮೂಲನಿವಾಸಿ ಕುಟುಂಬಗಳನ್ನೇ ಎರಡು ಭಾಗ ಮಾಡ್ತು, ಕೆಲಸ ಮತ್ತೆ ದುಡ್ಡು ಬೇಕು ಅನ್ನೋರಿಗೂ ಅವರದೇ ನ್ಯಾಯವಾದ ಕಾರಣ ಇತ್ತು. ಇದನ್ನ ಮರೀಬೇಡಿ, ಒಳ್ಳೆಯವರು ಕೆಟ್ಟವರು ಅಂತ ಗೆರೆ ಎಳ್ಕೊಂಡು ಕೂತ್ರೆ ಶೋ ನಿಮಗೆ ಚಿಕ್ಕದಾಗ್ಬಿಡುತ್ತೆ.

ಈಗ ಒಳಗೆ ಬನ್ನಿ. ಶೋ ಶುರುವಾಗೋ ಮುಂಚೆ ಈ ನೆಲ ಯಾರದು ಅಂತ ಗೌರವದಿಂದ ಹೇಳ್ತಾರೆ, ಆಗ ಫೋನ್ ನೋಡ್ತಾ ಇರಬೇಡಿ. ತೀರಿಕೊಂಡವರ ಚಿತ್ರ ಅಥವಾ ದನಿ ಇದೆ ಅಂತ ಎಚ್ಚರಿಕೆ ಬೋರ್ಡ್ ಇದ್ರೆ ಅದು ಮೂಲನಿವಾಸಿ ಪ್ರೇಕ್ಷಕರಿಗೋಸ್ಕರ, ಅವರಲ್ಲಿ ತುಂಬಾ ಸಮುದಾಯಗಳಲ್ಲಿ ಸತ್ತವರ ಹೆಸರು, ಚಿತ್ರದ ವಿಷಯದಲ್ಲಿ ಕಟ್ಟುನಿಟ್ಟು ಇದೆ. ಫೋಟೋ ಬೇಡವೇ ಬೇಡ.

ಕಥೆ ಏನು ಅಂತ ಹುಡುಕೋದು ಬಿಡಿ, ಇದು ಮುಖ್ಯ. 'ಕಟ್ ದ ಸ್ಕೈ' ನಡೆಯೋದು ಮುಂದಿನ ಕಾಲದಲ್ಲಿ, ಹವಾಮಾನ ಕೆಟ್ಟು ನೆಲೆ ಕಳ್ಕೊಂಡ ಒಂದು ಗುಂಪು ಮತ್ತೊಂದು ಬಿರುಗಾಳಿಗೆ ಎದುರಾಗಿ ನಿಂತಿರುತ್ತೆ, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತೆ, ನಡುವೆ ಕವಿತೆ, ಹಾಡು, ವಿಡಿಯೋ. ಕವಿತೆಗಳು ಎಡ್ವಿನ್ ಲೀ ಮುಲ್ಲಿಗನ್ ಅವರದು, ಸ್ಟೇಜ್ ಮೇಲೂ ಅವರೇ ಬರ್ತಾರೆ. ನೆಲದಡಿಯ ವಿಷಗಾಳಿ ಅವರ ಕಣ್ಣಿಗೆ ಒಬ್ಬ ಹೆಂಗಸು, ಡುಂಗ್‌ಕಬಾ ಅಂತ ಅವಳ ಹೆಸರು. ಫ್ರಾಕಿಂಗ್ ಅಂದ್ರೆ ನೀರು, ಮರಳು, ಕೆಮಿಕಲ್ ಸೇರಿಸಿ ಭಾರಿ ಒತ್ತಡದಲ್ಲಿ ಆಳದ ಕಲ್ಲಿಗೆ ನುಗ್ಗಿಸಿ ಬಿರುಕು ಬಿಡಿಸಿ ಗ್ಯಾಸ್ ತೆಗೆಯೋದು, ಇಷ್ಟು ಗೊತ್ತಿದ್ರೆ ಆ ಕವಿತೆ ಕೇಳುವಾಗ ಬೆನ್ನಲ್ಲಿ ಚಳಿ ಬರುತ್ತೆ. ದಯವಿಟ್ಟು ಅದನ್ನ ಸಂಕೇತ ಅಂತ ತಕ್ಷಣ ಬದಿಗೆ ಇಡಬೇಡಿ, ಹೇಳ್ತಿರೋರಿಗೆ ಅದು ತಮ್ಮ ನೆಲದ ಬಗ್ಗೆ ಇರೋ ತಿಳುವಳಿಕೆ.

ಕಣ್ಣು ಕಾಲುಗಳ ಮೇಲೆ ಇಡಿ. ನಾವು ಭರತನಾಟ್ಯ ನೋಡಿ ಬೆಳೆದೋರು ಮುಖ, ಮುದ್ರೆ ಕಡೇನೇ ನೋಡ್ತೀವಿ, ಇಲ್ಲಿ ಎಷ್ಟೋ ವಿಷಯ ಮಂಡಿ, ಪಾದ, ನೆಲಕ್ಕೆ ಬೀಳೋ ರೀತಿ, ಮತ್ತೆ ಏಳೋ ರೀತೀಲಿ ಇದೆ. ಡಲಿಸಾ ಜೊತೆ ನೃತ್ಯ ಕಟ್ಟಿದವರು ಬುರ್ಕಿನಾ ಫಾಸೋದ ಸೆರ್ಜ್ ಎಮೆ ಕುಲಿಬಾಲಿ, ಹಾಡುಗಳಲ್ಲಿ ಪಪುವಾ ನ್ಯೂಗಿನಿ ಮೂಲದ ನೈರಿ ಅವರ ಕೆಲಸ ಇದೆ, ನಿರ್ದೇಶನ ರೇಚಲ್ ಸ್ವೇನ್. ಇನ್ನೊಂದು ಖುಷಿ ವಿಷಯ, ವಿಡಿಯೋ ಕೆಲಸದಲ್ಲಿ ನಮ್ಮ ಗುವಾಹಟಿಯ ಡಿಸೈರ್ ಮಷೀನ್ ಕಲೆಕ್ಟಿವ್ ಅವರೂ ಇದ್ದಾರೆ. ಇಷ್ಟು ಕಡೆಯವರು ಸೇರಿದ್ರೂ ಯಾರ ಕಥೆ, ಯಾರ ಒಪ್ಪಿಗೆ ಅನ್ನೋದು ಕಲಸಿಹೋಗಲ್ಲ, ಯಾವುರು ಹಿರಿಯ ಪ್ಯಾಟ್ರಿಕ್ ಡಾಡ್ಸನ್ ಅಂಥವರು ಕಂಪನಿಗೆ ಸಲಹೆ ಕೊಡ್ತಾ ಬಂದಿದ್ದಾರೆ.

ಪರ್ತ್‌ನಲ್ಲಿ ಮೈನಿಂಗ್, ಗ್ಯಾಸ್ ಕಂಪನಿಗಳಲ್ಲಿ ಕೆಲಸ ಮಾಡೋ ಕನ್ನಡಿಗರು ಇದ್ದೀರಿ, ನಿಮಗೆ ನೋಡ್ತಾ ಮುಜುಗರ ಆಗ್ಬಹುದು. ಎದ್ದು ಬರಬೇಡಿ, ಕೂತು ನೋಡಿ. ಆ ಸಂಬಳದಲ್ಲೇ ನಮ್ಮ ಮನೆ ನಡೀತಿದೆ ಅನ್ನೋದೂ ನಿಜ, ಆ ನೆಲಕ್ಕೆ ಆಗ್ತಿರೋದೂ ನಿಜ, ಎರಡನ್ನೂ ಒಟ್ಟಿಗೆ ಇಟ್ಕೊಂಡು ನೋಡೋ ಪ್ರೇಕ್ಷಕರು ಈ ಶೋಗೆ ಬೇಕು ಅಂತ ನನ್ನ ಬಲವಾದ ನಂಬಿಕೆ. ನಮಗೆ ಮುಂದೆ ಬರೋ ಅಪಾಯ ಅನ್ಸೋದು ಅವರಿಗೆ ಇನ್ನೂರು ವರ್ಷದಿಂದ ನಡೀತಿರೋ ವಿಷಯ, ಹಾಗಾಗಿ ಉಳ್ಕೊಳ್ಳೋದು ಹೇಗೆ ಅನ್ನೋ ಪ್ರಶ್ನೇಲಿ ಅವರು ನಮಗಿಂತ ತುಂಬಾ ಮುಂದಿದ್ದಾರೆ.

ಶೋ ಆದ್ಮೇಲೆ ಮಾತುಕತೆ ಇಟ್ಟಿದ್ರೆ ಉಳ್ಕೊಳ್ಳಿ. "ಇದು ಅಸಲಿ ಸಂಪ್ರದಾಯಾನಾ?" ಅಂತ ಮಾತ್ರ ಕೇಳಬೇಡಿ, ನೋವಾಗುತ್ತೆ. ಈ ಚಲನೆ ಎಲ್ಲಿಂದ ಬಂತು, ಊರಿನ ಹಿರಿಯರು ನೋಡಿ ಏನಂದ್ರು ಅಂತ ಕೇಳಿ.

ಹತ್ತಿರದಲ್ಲಿ ಮರ್ರುಗೆಕು ಶೋ ಇಲ್ದಿದ್ರೆ ಅವರ ಟ್ರೇಲರ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ವೆ. ಸಿಡ್ನೀಲಿ ಇರೋರು ಅಲ್ಲಿನ ಮೂಲನಿವಾಸಿ ಡ್ಯಾನ್ಸ್ ಕಂಪನಿ 'ಬಂಗಾರಾ ಡ್ಯಾನ್ಸ್ ಥಿಯೇಟರ್‌'ನಿಂದ ಶುರು ಮಾಡಿ, ಫ್ರಾನ್ಸಿಸ್ ರಿಂಗ್ಸ್ ಅವರ 'ಟೆರೇನ್' ಕಟಿ ತಂಡಾ ಸರೋವರದ ಮೇಲೆ ಮಾಡಿದ್ದು, ಹೊಸಬರಿಗೆ ಸುಲಭ. ಕಾಲಲ್ಲಿ ಶಕ್ತಿ ಇರೋರಿಗೆ ಬ್ರೂಮ್‌ನಲ್ಲೇ ಲುರುಜರಿ ಅನ್ನೋ ಕಾಲ್ನಡಿಗೆ ದಾರಿ ಇದೆ, ಸುಮಾರು 80 ಕಿ.ಮೀ., 1987ರಲ್ಲಿ ಹಿರಿಯ ಪ್ಯಾಡಿ ರೋ ಶುರು ಮಾಡಿದ್ದು, ಅಲ್ಲಿನ ಮೂಲನಿವಾಸಿ ಗೂಲರಬೂಲು ಜನರೇ ಜೊತೆಗಿದ್ದು ವಲ್ಮಡನಿ ಕಡಲತೀರದ ಮೇಲೆ ಕರ್ಕೊಂಡು ಹೋಗ್ತಾರೆ. ಮಳೆಗಾಲದಲ್ಲಿ ಆಗಲ್ಲ, ಒಣಗಾಲಕ್ಕೆ ನೋಡ್ಕೊಂಡು ಮುಂಚೇನೇ ಅವರನ್ನ ಕೇಳಿ ಹೆಸರು ಬರೆಸಿ.