ವೀಸಾದಲ್ಲಿ ಬಂದವರಿಗೂ ಇಲ್ಲಿನ ಸಂವಿಧಾನ ಇದೆ

2006ರಲ್ಲಿ ಮೈಸೂರಿನಿಂದ ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ಗೆ ಬಂದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು. ನಾವು ದುಡಿಯೋಕೆ ಬಂದವರು, ಇಲ್ಲಿನ ಸರ್ಕಾರದ ವಿಷಯ ನಮಗ್ಯಾಕೆ? ಎಂಟು ವರ್ಷ ಹಾಗೇ ಬದುಕಿದೆ. ಅದಕ್ಕೆ ಕೊಟ್ಟ ಬೆಲೆ ಈಗಲೂ ನೋಯಿಸುತ್ತದೆ. ಹೊಸದಾಗಿ ಬಂದ ನೀವು ಅದೇ ತಪ್ಪು ಮಾಡಬೇಡಿ.

ಬಂದು ಮೂರು ತಿಂಗಳಾಗಿತ್ತು. ಕಾರಿನ ಹಿಂದೆ ಪೊಲೀಸ್ ದೀಪ ಮಿನುಗಿತು. ಊರಲ್ಲಾದರೆ ಏನು ಮಾಡುತ್ತೇವೆ? ಗಾಡಿ ಬದಿಗೆ ಹಾಕಿ, ಇಳಿದು, ಕಾಗದ ಹಿಡಿದುಕೊಂಡು 'ಸಾರ್' ಅಂತ ಹತ್ತಿರ ಹೋಗುತ್ತೇವೆ, ಅಲ್ವಾ? ನಾನೂ ಇಳಿದೆ. ಪೊಲೀಸಿನವರು ಜೋರಾಗಿ ಕೂಗಿದರು. ಅವರ ಕೈ ಸೊಂಟದ ಬಂದೂಕಿಗೆ ಹೋಯಿತು. ಒಳಗೆ ಕೂತಿದ್ದ ಹೆಂಡತಿ ಅತ್ತೇಬಿಟ್ಟಳು. ದಯವಿಟ್ಟು ಕಾರಿನಲ್ಲೇ ಕೂತಿರಿ. ಎರಡೂ ಕೈ ಸ್ಟೀರಿಂಗ್ ಮೇಲೆ ಕಾಣುವ ಹಾಗಿರಲಿ. ಕೇಳಿದ ಮೇಲೆ ಮಾತ್ರ ಲೈಸೆನ್ಸ್ ತೆಗೆಯಿರಿ.

ಆಮೇಲೆ ಅವರು ಡಿಕ್ಕಿ ನೋಡಬಹುದಾ ಅಂತ ಕೇಳಿದರು. ತಕ್ಷಣ ತೆರೆದೆ. ಅವರು ಕೇಳುತ್ತಿದ್ದದ್ದು ನನ್ನ ಒಪ್ಪಿಗೆ. ನಾನು ಅದನ್ನು ಅಪ್ಪಣೆ ಅಂದುಕೊಂಡೆ. ಗಟ್ಟಿ ಕಾರಣ ಇಲ್ಲದೆ ಪೊಲೀಸರು ಹುಡುಕಾಡುವಂತಿಲ್ಲ ಅನ್ನುತ್ತದೆ ಇಲ್ಲಿನ ಸಂವಿಧಾನದ ನಾಲ್ಕನೇ ತಿದ್ದುಪಡಿ. 'ನನ್ನ ಒಪ್ಪಿಗೆ ಇಲ್ಲ' ಅಂತ ಮರ್ಯಾದೆಯಿಂದಲೇ ಹೇಳಬಹುದು. ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳಬೇಕಿಲ್ಲ ಅನ್ನುವುದು ಐದನೆಯದು.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೆದ ಈ ಸಂವಿಧಾನ ನಮ್ಮದರ ಮುಂದೆ ತುಂಬಾ ಚಿಕ್ಕದು. ಇಷ್ಟು ವರ್ಷಕ್ಕೆ 27 ತಿದ್ದುಪಡಿ. ಮೊದಲ ಹತ್ತು 1791ರಲ್ಲೇ ಬಂದವು. ಒಂದು ಸಂಜೆ ಕೂತರೆ ಓದಿ ಮುಗಿಯುತ್ತದೆ. ಓದುವಾಗ ಎಲ್ಲಿ 'ನಾಗರಿಕ' ಅಂತಿದೆ, ಎಲ್ಲಿ 'ವ್ಯಕ್ತಿ' ಅಂತಿದೆ ನೋಡಿಕೊಳ್ಳಿ. 1868ರ ಹದಿನಾಲ್ಕನೇ ತಿದ್ದುಪಡಿ ಕಾನೂನಿನ ಸಮಾನ ರಕ್ಷಣೆ ಕೊಟ್ಟಿರುವುದು 'ವ್ಯಕ್ತಿ'ಗೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮರದ ಕಟ್ಟಡದಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸಲು ಪರ್ಮಿಟ್ ಬೇಕಿತ್ತು. ಚೀನಾದಿಂದ ಬಂದವರಿಗೆ ಅದು ಸಿಗುತ್ತಿರಲಿಲ್ಲ, ಉಳಿದವರಿಗೆ ಸಿಗುತ್ತಿತ್ತು. ಯಿಕ್ ವೋ ಹೆಸರಿನ ಆ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1886ರಲ್ಲೇ ಹೇಳಿತು, ಸಿಟಿಜನ್ ಅಲ್ಲದವರಿಗೂ ಈ ರಕ್ಷಣೆ ಇದೆ ಅಂತ. ಹಾಗಂತ ಎಲ್ಲವೂ ನೆಟ್ಟಗಿತ್ತು ಅಂದುಕೊಳ್ಳಬೇಡಿ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಭಗತ್ ಸಿಂಗ್ ಥಿಂಡ್ ಅವರಿಗೆ ಅದೇ ಕೋರ್ಟ್ 1923ರಲ್ಲಿ, ನೀವು ಬಿಳಿಯರಲ್ಲ, ಪೌರತ್ವ ಇಲ್ಲ ಅಂದಿತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರ ಕಾನೂನಿನಿಂದ. ಹತ್ತೇ ವರ್ಷದಲ್ಲಿ, 1956ರಲ್ಲಿ, ದಲೀಪ್ ಸಿಂಗ್ ಸೌಂದ್ ಕ್ಯಾಲಿಫೋರ್ನಿಯಾದಿಂದ ಇಲ್ಲಿನ ಸಂಸತ್ತಾದ ಕಾಂಗ್ರೆಸ್‌ಗೆ ಆರಿಸಿ ಬಂದರು. ಇದನ್ನು ಓದಿದಾಗಲೆಲ್ಲ ನನ್ನ ಕಣ್ಣು ಒದ್ದೆಯಾಗುತ್ತದೆ.

ವೋಟು ಮಾತ್ರ ಸಿಟಿಜನ್‌ಗಳದ್ದು. ಲೈಸೆನ್ಸ್ ಮಾಡಿಸುವಾಗ ಮತದಾರರ ಪಟ್ಟಿಗೆ ಸೇರಿಸಬೇಕಾ ಅಂತ ಕೇಳುತ್ತಾರೆ. ಬೇಡ ಅನ್ನಿ. ಸುಮ್ನೆ ಟಿಕ್ ಹಾಕಿದರೂ ಸಿಟಿಜನ್ ಅಂತ ಸುಳ್ಳು ಹೇಳಿದ ಹಾಗಾಗಬಹುದು, ಇಲ್ಲೇ ಕಾಯಂ ನೆಲೆಸಲು ಬಿಡುವ ಗ್ರೀನ್ ಕಾರ್ಡಿನ ಆಸೆ ಅಲ್ಲಿಗೇ ಮುಗಿಯಬಹುದು. ಚುನಾವಣೆಗೆ ದುಡ್ಡು ಕೊಡುವುದಕ್ಕೂ ಗ್ರೀನ್ ಕಾರ್ಡ್ ಬರುವ ತನಕ ಕಾಯಿರಿ. ಜ್ಯೂರಿಗೆ, ಅಂದರೆ ಕೋರ್ಟಿನಲ್ಲಿ ಕೇಸು ಕೇಳಿ ತೀರ್ಮಾನ ಹೇಳುವ ಸಾಮಾನ್ಯ ಜನರ ಗುಂಪಿಗೆ, ಬನ್ನಿ ಅಂತ ಕಾಗದ ಬಂದರೆ ನನ್ನ ಹಾಗೆ ಬಿಸಾಡಬೇಡಿ. ಆಮೇಲೆ ದಂಡದ ಎಚ್ಚರಿಕೆ ಬಂತು. 'ಸಿಟಿಜನ್ ಅಲ್ಲ' ಅನ್ನುವಲ್ಲಿ ಗುರುತು ಹಾಕಿ ಕಳಿಸಿದರೆ ಸಾಕು.

ಇನ್ನು ಯಾರ ಕೆಲಸ ಯಾವುದು ಅನ್ನುವುದು. ನಮ್ಮಲ್ಲಿ ಪ್ರಧಾನಿ, ಮಂತ್ರಿಗಳು ಸಂಸತ್ತಿನ ಒಳಗಿನವರು. ಇಲ್ಲಿ ಅಧ್ಯಕ್ಷರ ಆಯ್ಕೆಯೇ ಬೇರೆ, ಅವರ ಮಂತ್ರಿಗಳು ಕಾಂಗ್ರೆಸ್ ಸದಸ್ಯರಾಗಿ ಇರುವಂತಿಲ್ಲ. ಸೆನೆಟ್‌ನಲ್ಲಿ 100, ಕೆಳಮನೆಯಲ್ಲಿ 435 ಜನ. ಆದರೆ ನಿಮ್ಮ ದಿನದ ಬದುಕು ಇರುವುದು ಸಿಟಿ, ಕೌಂಟಿ, ಸ್ಕೂಲ್ ಬೋರ್ಡಿನ ಕೈಯಲ್ಲಿ. ಟಿವಿಯಲ್ಲಿ ವಾಷಿಂಗ್ಟನ್ ನೋಡುತ್ತಾ ಕೂತ ನನಗೆ ಇದು ತಿಳಿಯಲೇ ಇಲ್ಲ.

ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಶಾಲೆಗಳ ಗಡಿ ಬದಲಿಸುವ ಮಾತು ಬಂತು. ನಮ್ಮ ಬೀದಿಯ ಮಕ್ಕಳು ಬೇರೆ ಶಾಲೆಗೆ ಹೋಗಬೇಕಿತ್ತು. ನಾವು ಕನ್ನಡದವರು ನಾಲ್ಕು ಮನೆ. ಒಂದು ತಿಂಗಳು ಊಟಕ್ಕೆ ಸೇರಿದಾಗಲೆಲ್ಲ ಅದೇ ಮಾತು. ಬೋರ್ಡಿನಲ್ಲಿ ಗೊತ್ತಿರೋರು ಯಾರಾದರೂ ಇದ್ದಾರಾ ಅಂತ ಹುಡುಕಿದೆವು. ಬೋರ್ಡಿನ ಸಭೆಗೆ ಒಬ್ಬರೂ ಹೋಗಲಿಲ್ಲ. ವೀಸಾದವರು ಬಾಯಿ ಬಿಟ್ಟರೆ ತೊಂದರೆ ಅಂತ ಭಯ. ಅಲ್ಲಿ ಹೆಸರು ಬರೆಸಿ ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದಿತ್ತು. ಪಾಸ್‌ಪೋರ್ಟ್ ಯಾವುದು ಅಂತ ಯಾರೂ ಕೇಳುತ್ತಿರಲಿಲ್ಲ. ಆ ಶಾಲೆ ನಡೆಯುತ್ತಿದ್ದದ್ದು ನಮ್ಮ ಮನೆ ತೆರಿಗೆಯಿಂದಲೂ ಹೌದು. ಪಕ್ಕದ ಬೀದಿಯವರು ಹೋಗಿ ಮಾತಾಡಿದರು, ಅವರ ಮಕ್ಕಳು ಅಲ್ಲೇ ಉಳಿದರು. ಮಗಳು ಗೆಳತಿಯರನ್ನು ಬಿಟ್ಟು ಹೋದಳು. 'ಅಪ್ಪ, ನೀವು ಯಾಕೆ ಏನೂ ಹೇಳಲಿಲ್ಲ?' ಅಂತ ಕೇಳಿದಳು. ನಮ್ಮ ದೇಶ ಅಲ್ಲ ಪುಟ್ಟಿ ಅಂದೆ. 'ನನ್ನದು ಅಲ್ವಾ?' ಅಂದಳು. ಅವಳು ಹುಟ್ಟಿದ್ದು ಇಲ್ಲೇ. ಮುಂದಿನ ತಿಂಗಳಿನಿಂದ ನಾನು ಸಭೆಗಳಿಗೆ ಹೋಗತೊಡಗಿದೆ. ಮೊದಲ ಸಲ ಮೈಕ್ ಮುಂದೆ ಕಾಲು ನಡುಗಿತು. ಆದರೂ ಮಾತಾಡಿದೆ.

ಗ್ರೀನ್ ಕಾರ್ಡ್ ಬಂದು ಐದು ವರ್ಷವಾದ ಮೇಲೆ ಪೌರತ್ವಕ್ಕೆ ಎನ್-400 ಅರ್ಜಿ, ಬೆರಳಚ್ಚು, ಸಂದರ್ಶನ. ಪ್ರಶ್ನೆಗಳೆಲ್ಲ ಸರ್ಕಾರದ ವೆಬ್‌ಸೈಟಿನಲ್ಲೇ ಸಿಗುತ್ತವೆ. ಕಷ್ಟ ಅದಲ್ಲ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ನೀಲಿ ಪಾಸ್‌ಪೋರ್ಟ್ ರದ್ದಾಗಿ ಕೈಗೆ ವಾಪಸ್ ಬಂದ ದಿನ ನಾನು ಊಟ ಮಾಡಲಿಲ್ಲ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಓಸಿಐ ಕಾರ್ಡ್ ಇದ್ದರೆ ಊರಿಗೆ ಹೋಗಿ ಬರಬಹುದು, ವೋಟು ಹಾಕುವಂತಿಲ್ಲ.

2020ರ ನವೆಂಬರ್‌ನಲ್ಲಿ ಇಲ್ಲಿ ಮೊದಲ ಸಲ ವೋಟು ಹಾಕಿದೆ. ಅಧ್ಯಕ್ಷರಿಂದ ಹಿಡಿದು ಜಡ್ಜ್‌ಗಳ ತನಕ ಉದ್ದದ ಪಟ್ಟಿ. ಟೆಕ್ಸಾಸ್‌ನಲ್ಲಿ ಜಡ್ಜ್‌ಗಳನ್ನೂ ಜನರೇ ಆರಿಸುತ್ತಾರೆ. ಹೊರಗೆ ಬಂದಾಗ ಒಂದು ಸ್ಟಿಕ್ಕರ್ ಕೊಟ್ಟರು. ಮಗಳು ಅದನ್ನು ನನ್ನ ಅಂಗಿಗೆ ಅಂಟಿಸಿದಳು. ರಾತ್ರಿ ವಿಡಿಯೋ ಕಾಲ್‌ನಲ್ಲಿ ಅಮ್ಮ, 'ಬೆರಳು ತೋರಿಸೋ, ಶಾಯಿ ನೋಡೋಣ' ಅಂದರು. ಇಲ್ಲಿ ಶಾಯಿ ಹಾಕಲ್ಲಮ್ಮ ಅಂದೆ. ಭಾರತದ ಚುನಾವಣೆಗಳಿಗೆ ಆ ಶಾಯಿ 1962ರಿಂದ ತಯಾರಾಗುತ್ತಿರುವುದು ನಮ್ಮ ಮೈಸೂರಿನಲ್ಲೇ. 2004ರಲ್ಲಿ ನನ್ನ ಬೆರಳಿಗೆ ಹಾಕಿದ ಗುರುತು ಎಷ್ಟೋ ದಿನ ಹೋಗಲಿಲ್ಲ. ಅದೇ ಕೊನೆಯದು ಅಂತ ಆಗ ಗೊತ್ತಿರಲಿಲ್ಲ.